ಪೇರೆಂಟ್ ಥೀಮ್, ಚೈಲ್ಡ್ ಥೀಮ್: ಕಡತ ಹುಡುಕುವ ಕ್ರಮ

ಜಾಲತಾಣದ ಪುಟಗಳು ಓದುಗರಿಗೆ ಹೇಗೆ ಕಾಣಬೇಕು ಎಂಬುದನ್ನು ನಿರ್ಧರಿಸುವ ಕಡತಗಳ ಗುಂಪೇ ಥೀಮ್. ಸಿದ್ಧ ಥೀಮೊಂದನ್ನು ಹಾಗೆಯೇ ಉಳಿಸಿಕೊಂಡು, ಬದಲಾಗಬೇಕಾದಷ್ಟನ್ನು ಮಾತ್ರ ಬೇರೆ ಫೋಲ್ಡರಿನಲ್ಲಿ ಬರೆದಿಟ್ಟರೆ, ಆಧಾರವಾದದ್ದಕ್ಕೆ ಪೇರೆಂಟ್ ಥೀಮ್ ಎಂದೂ ಅದನ್ನು ನೆಚ್ಚಿಕೊಂಡದ್ದಕ್ಕೆ ಚೈಲ್ಡ್ ಥೀಮ್ ಎಂದೂ ಹೆಸರು. ಪುಟ ಸಿದ್ಧವಾಗುವಾಗ ಬೇಕಾದ ಕಡತವನ್ನು ತಂತ್ರಾಂಶ ಮೊದಲು ಚೈಲ್ಡ್ ಥೀಮಿನಲ್ಲಿ ಹುಡುಕುತ್ತದೆ. ಅಲ್ಲಿ ಇಲ್ಲದಿದ್ದರೆ ಪೇರೆಂಟ್ ಥೀಮಿನಿಂದ ಎತ್ತಿಕೊಳ್ಳುತ್ತದೆ. ಈ ಏರ್ಪಾಡನ್ನು ಫಾಲ್‌ಬ್ಯಾಕ್ ಎನ್ನುತ್ತಾರೆ. ಇದರ ಲಾಭ ಸ್ಪಷ್ಟ: ಪೇರೆಂಟ್ ಥೀಮಿಗೆ ಹೊಸ ಆವೃತ್ತಿ ಬಂದಾಗ ಅದರ ಫೋಲ್ಡರ್ ಪೂರ್ತಿ ಬದಲಾಗುತ್ತದೆ, ಅದರೊಳಗೇ ಮಾಡಿದ್ದ ತಿದ್ದುಪಡಿಗಳೆಲ್ಲ ಅಳಿಸಿಹೋಗುತ್ತವೆ, ಚೈಲ್ಡ್ ಥೀಮಿನಲ್ಲಿ ಬರೆದದ್ದು ಮಾತ್ರ ಸುರಕ್ಷಿತವಾಗಿ ಉಳಿಯುತ್ತದೆ.

ನಿಯಮ ಹೇಳುವುದಕ್ಕೆ ಒಂದೇ ಸಾಲಿನದು. ಆದರೆ ಎಲ್ಲ ಕಡತಗಳೂ ಅದನ್ನು ಒಂದೇ ರೀತಿ ಪಾಲಿಸುವುದಿಲ್ಲ. ಕೆಲವು ಪೂರ್ತಿಯಾಗಿ ಬದಲಾಗುತ್ತವೆ, ಕೆಲವು ಎರಡೂ ಕಡೆಯಿಂದ ಬರುತ್ತವೆ, ಇನ್ನು ಕೆಲವು ಒಂದರೊಳಗೊಂದು ಬೆರೆಯುತ್ತವೆ. ಯಾವ ಕಡತ ಯಾವ ಗುಂಪಿನದು ಎಂದು ತಿಳಿಯದೆ ಕೆಲಸಕ್ಕೆ ಕೈಹಾಕುವುದರಿಂದಲೇ ಈ ಕ್ಷೇತ್ರದ ಹೆಚ್ಚಿನ ತೊಡಕುಗಳು ಹುಟ್ಟುತ್ತವೆ. ಈ ಲೇಖನ ಮುಖ್ಯವಾಗಿ ವರ್ಡ್‌ಪ್ರೆಸ್ ವ್ಯವಸ್ಥೆಯನ್ನು ಕುರಿತದ್ದು. ಕೊನೆಯಲ್ಲಿ ಬೇರೆ ಕೆಲವು ವ್ಯವಸ್ಥೆಗಳ ಪ್ರಸ್ತಾಪವಿದೆ.

ಬೆಳೆದು ಬಂದ ಬಗೆ

ಮ್ಯಾಟ್ ಮುಲ್ಲೆನ್‌ವೆಗ್ ಮತ್ತು ಮೈಕ್ ಲಿಟ್ಲ್ ಅವರು ಬಿ2 ಎಂಬ ತಂತ್ರಾಂಶದಿಂದ ಕವಲೊಡೆಸಿ ರೂಪಿಸಿದ ವರ್ಡ್‌ಪ್ರೆಸ್ಸಿನ ಮೊದಲ ಆವೃತ್ತಿ ಮೇ 2003ರಲ್ಲಿ ಬಂತು. ಅದರಲ್ಲಿ ಥೀಮ್ ಎಂಬ ಕಲ್ಪನೆ ಇರಲಿಲ್ಲ. ಫೆಬ್ರವರಿ 2005ರ 1.5ನೇ ಆವೃತ್ತಿ ಥೀಮ್ ವ್ಯವಸ್ಥೆಯನ್ನು ತಂದಿತು. ಮೈಕೆಲ್ ಹೈಲ್‌ಮನ್ ವಿನ್ಯಾಸ ಮಾಡಿದ ಕುಬ್ರಿಕ್ ಅದರ ಜೊತೆಗೆ ಬಂದ ಥೀಮ್. ಪುಟದ ರಚನೆ ಎಲ್ಲಿಂದ ಬರಬೇಕು ಎಂಬುದನ್ನು ‘ಟೆಂಪ್ಲೇಟ್’ ಎಂಬ ಹೆಸರಿನಲ್ಲೂ ಅಲಂಕಾರ ಎಲ್ಲಿಂದ ಬರಬೇಕು ಎಂಬುದನ್ನು ‘ಸ್ಟೈಲ್‌ಶೀಟ್’ ಎಂಬ ಹೆಸರಿನಲ್ಲೂ ಬೇರೆ ಬೇರೆಯಾಗಿ ದಾಖಲಿಸುವ ಪದ್ಧತಿ ಆಗಲೇ ಶುರುವಾಯಿತು. ಇಂದಿಗೂ ದತ್ತಸಂಚಯದಲ್ಲಿ ಇವೆರಡೂ ಪ್ರತ್ಯೇಕ ನಮೂದುಗಳು. ಚೈಲ್ಡ್ ಥೀಮ್ ಬಳಸದ ತಾಣದಲ್ಲಿ ಎರಡರಲ್ಲೂ ಒಂದೇ ಫೋಲ್ಡರಿನ ಹೆಸರಿರುತ್ತದೆ. ಬಳಸುವ ತಾಣದಲ್ಲಿ ಮೊದಲನೆಯದು ಪೇರೆಂಟ್ ಥೀಮನ್ನೂ ಎರಡನೆಯದು ಚೈಲ್ಡ್ ಥೀಮನ್ನೂ ಸೂಚಿಸುತ್ತದೆ. ಥೀಮಿನ ಫೋಲ್ಡರಿನ ದಾರಿ ಕೊಡುವ ಫಂಕ್ಷನ್‌ಗಳ ಹೆಸರಿನಲ್ಲಿ ಬರುವ ‘ಟೆಂಪ್ಲೇಟ್’ ಎಂದರೆ ಪೇರೆಂಟ್, ‘ಸ್ಟೈಲ್‌ಶೀಟ್’ ಎಂದರೆ ಚೈಲ್ಡ್. ಹೊಸಬರನ್ನು ಇಷ್ಟೊಂದು ದಾರಿತಪ್ಪಿಸಿದ ಹೆಸರುಗಳು ವರ್ಡ್‌ಪ್ರೆಸ್ಸಿನಲ್ಲಿ ಬೇರೆ ಇರಲಾರವು.

ಚೈಲ್ಡ್ ಥೀಮ್ ಅಲಂಕಾರವನ್ನಷ್ಟೇ ಅಲ್ಲದೆ ಟೆಂಪ್ಲೇಟ್ ಕಡತಗಳನ್ನೂ ಬದಲಿಸಬಲ್ಲದು ಎಂದಾದದ್ದು ಡಿಸೆಂಬರ್ 2008ರ 2.7ನೇ ಆವೃತ್ತಿಯಿಂದ. ಹುಡುಕಾಟದ ತಿರುಳಾದ ಲೊಕೇಟ್_ಟೆಂಪ್ಲೇಟ್ ಎಂಬ ಫಂಕ್ಷನ್ ಬಂದದ್ದೂ ಆಗಲೇ. 2010ರ 3.0ನೇ ಆವೃತ್ತಿಯಲ್ಲಿ, ಪುಟದ ತುಣುಕುಗಳನ್ನು ಬೇರೆ ಕಡತಗಳಲ್ಲಿಟ್ಟು ಕರೆತರುವ ಗೆಟ್_ಟೆಂಪ್ಲೇಟ್_ಪಾರ್ಟ್ ಸೇರಿತು. ಅದೇ ಆವೃತ್ತಿಯೊಂದಿಗೆ ಬಂದ ಟ್ವೆಂಟಿ ಟೆನ್ ಥೀಮನ್ನು ಮತ್ತೊಬ್ಬರು ಆಧಾರವಾಗಿ ಬಳಸಲು ಅನುಕೂಲವಾಗುವಂತೆಯೇ ಬರೆಯಲಾಗಿತ್ತು.

ಚೈಲ್ಡ್ ಥೀಮ್ ಮಾಡಲು ಬೇಕಾದದ್ದು ಅತಿ ಕಡಿಮೆ: ಒಂದು ಫೋಲ್ಡರ್, ಅದರೊಳಗೆ ಸ್ಟೈಲ್.ಸಿಎಸ್‌ಎಸ್ ಎಂಬ ಕಡತ, ಅದರ ತಲೆಬರಹದ ಟಿಪ್ಪಣಿಯಲ್ಲಿ ಥೀಮಿನ ಹೆಸರು ಮತ್ತು ‘ಟೆಂಪ್ಲೇಟ್’ ಎಂಬ ಸಾಲು. ಆ ಸಾಲಿನಲ್ಲಿ ಬರೆಯಬೇಕಾದದ್ದು ಪೇರೆಂಟ್ ಥೀಮಿನ ಫೋಲ್ಡರಿನ ಹೆಸರು. ಪರದೆಯ ಮೇಲೆ ಕಾಣುವ ಹೆಸರನ್ನು ಬರೆದರೆ ಕೊಂಡಿ ಕೂಡುವುದಿಲ್ಲ. ಸಂಬಂಧ ಎರಡೇ ತಲೆಮಾರಿಗೆ ಸೀಮಿತ. ಚೈಲ್ಡ್ ಥೀಮೊಂದನ್ನು ಇನ್ನೊಂದರ ಪೇರೆಂಟ್ ಮಾಡಹೊರಟರೆ ವರ್ಡ್‌ಪ್ರೆಸ್ ಅದನ್ನು ಒಪ್ಪುವುದಿಲ್ಲ.

ಹೆಸರು ಮೊದಲು, ಫೋಲ್ಡರ್ ಆಮೇಲೆ

ಓದುಗರೊಬ್ಬರು ಒಂದು ಬರಹವನ್ನು ತೆರೆದಾಗ ವರ್ಡ್‌ಪ್ರೆಸ್ ಅದಕ್ಕೆ ಹೊಂದಬಹುದಾದ ಕಡತಗಳ ಪಟ್ಟಿಯೊಂದನ್ನು ಸಿದ್ಧಪಡಿಸುತ್ತದೆ. ಪಟ್ಟಿ ವಿಶೇಷದಿಂದ ಸಾಮಾನ್ಯದ ಕಡೆಗೆ ಸಾಗುತ್ತದೆ: ಆ ಒಂದು ಬರಹಕ್ಕೇ ಮೀಸಲಾದ ಕಡತ, ಆಮೇಲೆ ಆ ಬಗೆಯ ಬರಹಗಳ ಸಿಂಗಲ್-ಪೋಸ್ಟ್.ಪಿಎಚ್‌ಪಿ, ನಂತರ ಸಿಂಗಲ್.ಪಿಎಚ್‌ಪಿ, ಸಿಂಗ್ಯುಲರ್.ಪಿಎಚ್‌ಪಿ, ಕಟ್ಟಕಡೆಗೆ ಇಂಡೆಕ್ಸ್.ಪಿಎಚ್‌ಪಿ. ವರ್ಗಪುಟವಾದರೆ ಆ ವರ್ಗದ ಹೆಸರಿನ ಕಡತದಿಂದ ಹೊರಟು ಕೆಟಗರಿ.ಪಿಎಚ್‌ಪಿ, ಆರ್ಕೈವ್.ಪಿಎಚ್‌ಪಿ ದಾಟಿ ಅದೇ ಇಂಡೆಕ್ಸ್.ಪಿಎಚ್‌ಪಿಗೆ ಬಂದು ನಿಲ್ಲುತ್ತದೆ.

ಇಲ್ಲಿ ಎರಡು ಬಗೆಯ ಇಳಿಜಾರುಗಳು ಒಂದರ ಮೇಲೊಂದು ಬರುತ್ತವೆ. ಹೆಸರಿನಿಂದ ಹೆಸರಿಗೆ ಇಳಿಯುವುದು ಒಂದು, ಚೈಲ್ಡ್‌ನಿಂದ ಪೇರೆಂಟ್‌ಗೆ ಇಳಿಯುವುದು ಇನ್ನೊಂದು. ಚೈಲ್ಡ್ ಥೀಮಿನಲ್ಲಿ ಇಡೀ ಪಟ್ಟಿಯನ್ನು ನೋಡಿ ಮುಗಿಸಿ ಆಮೇಲೆ ಪೇರೆಂಟ್‌ಗೆ ಹೋಗಬಹುದೆಂದು ಹಲವರು ಭಾವಿಸುತ್ತಾರೆ. ಲೊಕೇಟ್_ಟೆಂಪ್ಲೇಟ್ ಹಾಗೆ ಮಾಡುವುದಿಲ್ಲ. ಪಟ್ಟಿಯ ಮೊದಲ ಹೆಸರನ್ನು ಹಿಡಿದು ಚೈಲ್ಡ್‌ನಲ್ಲಿ ನೋಡುತ್ತದೆ, ಪೇರೆಂಟ್‌ನಲ್ಲಿ ನೋಡುತ್ತದೆ; ಎರಡೂ ಕಡೆ ಇಲ್ಲವೆಂದ ಮೇಲೆಯೇ ಎರಡನೆಯ ಹೆಸರಿಗೆ ಬರುತ್ತದೆ. ಹೀಗಾಗಿ ಚೈಲ್ಡ್ ಥೀಮಿನಲ್ಲಿ ಸಿಂಗಲ್.ಪಿಎಚ್‌ಪಿ ಇದ್ದು ಪೇರೆಂಟ್ ಥೀಮಿನಲ್ಲಿ ಸಿಂಗಲ್-ಪೋಸ್ಟ್.ಪಿಎಚ್‌ಪಿ ಇದ್ದರೆ ಗೆಲ್ಲುವುದು ಪೇರೆಂಟ್‌ನದೇ, ಯಾಕೆಂದರೆ ಅದರ ಹೆಸರು ಪಟ್ಟಿಯಲ್ಲಿ ಮೇಲಿದೆ. ಚೈಲ್ಡ್ ಥೀಮಿನ ಕಡತವನ್ನು ಎಷ್ಟು ತಿದ್ದಿದರೂ ಪುಟದಲ್ಲಿ ಏನೂ ಬದಲಾಗುವುದಿಲ್ಲ ಎಂದು ತಲೆಕೆಡಿಸಿಕೊಳ್ಳುವವರು ಮೊದಲು ನೋಡಬೇಕಾದದ್ದು ಇದನ್ನೇ. ಈ ಕ್ರಮ ಸರಿಯಾದದ್ದೇ: ಪೇರೆಂಟ್ ಥೀಮ್ ಬರೆದವರು ಒಂದು ಬಗೆಯ ಬರಹಕ್ಕೆ ಬೇರೆ ಕಡತ ಬರೆದಿದ್ದಾರೆಂದರೆ ಅದಕ್ಕೆ ಕಾರಣವಿರುತ್ತದೆ. ಸಾಮಾನ್ಯ ಕಡತವೊಂದು ಸದ್ದಿಲ್ಲದೆ ಅದನ್ನು ಮೀರಿದರೆ ಆ ಬರಹಗಳ ಪುಟ ಮುರಿಯಬಹುದು.

ಎರಡು ಥೀಮುಗಳ ಆಚೆಗೆ ಮೂರನೆಯ ಜಾಗವೂ ಒಂದುಂಟು. ಹೆಡರ್, ಫೂಟರ್, ಸೈಡ್‌ಬಾರ್, ಕಾಮೆಂಟ್ಸ್ ಇವುಗಳ ಕಡತ ಎರಡು ಥೀಮುಗಳಲ್ಲೂ ಇಲ್ಲದಿದ್ದರೆ, ವರ್ಡ್‌ಪ್ರೆಸ್ಸಿನ ಒಳಗೇ ಇರುವ ಥೀಮ್-ಕಂಪ್ಯಾಟ್ ಎಂಬ ಫೋಲ್ಡರಿನ ಹಳೆಯ ಕಡತಗಳು ಬರುತ್ತವೆ. 3.0ರಿಂದ ಇವುಗಳನ್ನು ಬಳಕೆಗೆ ತಕ್ಕವಲ್ಲವೆಂದು ಗುರುತಿಸಿದ್ದರೂ ತೆಗೆದುಹಾಕಿಲ್ಲ.

ಎರಡೂ ಕಡೆಯಿಂದ ಬರುವ ಕಡತಗಳು

ಫಂಕ್ಷನ್ಸ್.ಪಿಎಚ್‌ಪಿ ಮೇಲಿನ ನಿಯಮಕ್ಕೆ ಒಳಪಡುವುದಿಲ್ಲ. ಚೈಲ್ಡ್ ಥೀಮಿನ ಫಂಕ್ಷನ್ಸ್.ಪಿಎಚ್‌ಪಿ ಮೊದಲು, ಅದರ ಬೆನ್ನಿಗೇ ಪೇರೆಂಟ್‌ನದು, ಎರಡೂ ಓಡುತ್ತವೆ. ಆದ್ದರಿಂದ ಪೇರೆಂಟ್‌ನ ಈ ಕಡತವನ್ನು ಪೂರ್ತಿ ನಕಲು ಮಾಡಿ ಚೈಲ್ಡ್ ಫೋಲ್ಡರಿನಲ್ಲಿಟ್ಟರೆ ಒಂದೇ ಹೆಸರಿನ ಫಂಕ್ಷನ್ ಎರಡು ಸಲ ಘೋಷಣೆಯಾಗಿ ತಾಣವೇ ನಿಂತುಹೋಗುವ ಅಪಾಯವಿದೆ. ಟ್ವೆಂಟಿ ಟೆನ್ ಥೀಮಿನವರು ಇದಕ್ಕೊಂದು ದಾರಿ ಮಾಡಿದ್ದರು: ತಮ್ಮ ಮುಖ್ಯ ಫಂಕ್ಷನ್‌ಗಳನ್ನು ಘೋಷಿಸುವ ಮೊದಲು ಆ ಹೆಸರಿನದು ಆಗಲೇ ಇದೆಯೇ ಎಂದು ಪರೀಕ್ಷಿಸುತ್ತಿದ್ದರು. ಚೈಲ್ಡ್‌ನ ಕಡತ ಮೊದಲು ಓಡುವುದರಿಂದ ಅಲ್ಲಿ ಬರೆದ ಫಂಕ್ಷನ್ ಉಳಿಯುತ್ತದೆ, ಪೇರೆಂಟ್‌ನದು ಹಿಂದೆ ಸರಿಯುತ್ತದೆ.

ಈ ಓಟದ ಕ್ರಮಕ್ಕೆ ಇನ್ನೊಂದು ಪರಿಣಾಮವಿದೆ. ಪೇರೆಂಟ್ ಥೀಮ್ ಯಾವುದೋ ಹುಕ್‌ಗೆ, ಅಂದರೆ ನಿಗದಿತ ಘಟ್ಟದಲ್ಲಿ ಬೇರೆ ಕೋಡ್ ಓಡಿಸಲು ಬಿಟ್ಟ ಕೊಂಡಿಗೆ, ಸೇರಿಸಿದ ಕೆಲಸವನ್ನು ಚೈಲ್ಡ್ ಥೀಮ್ ತೆಗೆಯಬೇಕಾಗುತ್ತದೆ ಎನ್ನೋಣ. ಚೈಲ್ಡ್‌ನ ಕಡತ ಓದುವ ಹೊತ್ತಿಗೆ ಆ ಕೆಲಸ ಇನ್ನೂ ಸೇರಿಯೇ ಇರುವುದಿಲ್ಲ, ಹಾಗಾಗಿ ನೇರವಾಗಿ ತೆಗೆಯಹೊರಟರೆ ಏನೂ ಆಗುವುದಿಲ್ಲ. ಎರಡೂ ಕಡತಗಳು ಓಡಿದ ಮೇಲೆ ಬರುವ ಆಫ್ಟರ್_ಸೆಟಪ್_ಥೀಮ್ ಎಂಬ ಘಟ್ಟದವರೆಗೆ, ಅದರಲ್ಲೂ ಪೇರೆಂಟ್‌ನ ಸರದಿ ಮುಗಿಯುವವರೆಗೆ ಕಾಯಬೇಕು.

ಸ್ಟೈಲ್.ಸಿಎಸ್‌ಎಸ್‌ನ ಕತೆ ಬೇರೆ. ಇದು ತಾನಾಗಿ ಎರಡೂ ಕಡೆಯಿಂದ ಬರುವುದಿಲ್ಲ. ಸಕ್ರಿಯ ಥೀಮಿನ ಅಲಂಕಾರದ ಕಡತ ಎಲ್ಲಿದೆ ಎಂದು ಪೇರೆಂಟ್ ಥೀಮ್ ಕೇಳಿದಾಗ ವರ್ಡ್‌ಪ್ರೆಸ್ ಕೊಡುವ ವಿಳಾಸ ಚೈಲ್ಡ್‌ನದು. ಪೇರೆಂಟ್‌ನ ಅಲಂಕಾರವೂ ಬೇಕೆಂದರೆ ಚೈಲ್ಡ್ ಥೀಮ್ ಅದನ್ನು ಕೇಳಿ ತರಿಸಿಕೊಳ್ಳಬೇಕು. ಹಿಂದೆ ಕಡತದ ಮೊದಲ ಸಾಲಿನಲ್ಲೇ ಇಂಪೋರ್ಟ್ ಎಂದು ಬರೆಯುವ ರೂಢಿ ಇತ್ತು. ಬ್ರೌಸರ್ ಮೊದಲ ಕಡತವನ್ನು ಇಳಿಸಿಕೊಂಡ ನಂತರವೇ ಎರಡನೆಯದರ ಸುಳಿವು ಸಿಗುತ್ತಿದ್ದುದರಿಂದ ಪುಟ ನಿಧಾನವಾಗುತ್ತಿತ್ತು. ಈಗ ಡಬ್ಲ್ಯುಪಿ_ಎನ್‌ಕ್ಯೂ_ಸ್ಟೈಲ್ ಮೂಲಕ ಎರಡನ್ನೂ ಸಾಲಿಗೆ ಹಾಕಿ, ಚೈಲ್ಡ್‌ನದು ಪೇರೆಂಟ್‌ನದನ್ನು ಅವಲಂಬಿಸಿದೆ ಎಂದು ಹೇಳುವುದು ವಾಡಿಕೆ.

ಇಲ್ಲಿ ಆವೃತ್ತಿ ಸಂಖ್ಯೆಯ ಸೂಕ್ಷ್ಮವೊಂದಿದೆ. ಬ್ರೌಸರ್ ಹಳೆಯ ಪ್ರತಿಯನ್ನೇ ತೋರಿಸದಿರಲಿ ಎಂದು ಕಡತದ ವಿಳಾಸಕ್ಕೆ ಥೀಮಿನ ಆವೃತ್ತಿಯನ್ನು ಅಂಟಿಸುತ್ತಾರೆ. ಆದರೆ ಪೇರೆಂಟ್ ಥೀಮಿನ ಕೋಡ್ ‘ಸಕ್ರಿಯ ಥೀಮಿನ ಆವೃತ್ತಿ’ ಎಂದು ಕೇಳಿದರೆ ಸಿಗುವುದು ಚೈಲ್ಡ್‌ನ ಸಂಖ್ಯೆ. ಪೇರೆಂಟ್ ಪರಿಷ್ಕರಣೆಯಾದರೂ ಆ ಸಂಖ್ಯೆ ಬದಲಾಗುವುದಿಲ್ಲ, ಓದುಗರ ಬ್ರೌಸರಿನಲ್ಲಿ ಹಳೆಯ ಅಲಂಕಾರವೇ ಉಳಿದುಬಿಡುತ್ತದೆ. ಪೇರೆಂಟ್‌ನ ಸಂಖ್ಯೆಯನ್ನು ಬೇರೆಯಾಗಿಯೇ ಕೇಳಿ ಪಡೆಯಬೇಕು.

ಥೀಮ್ ಬರೆಯುವವರ ಕೈಯಲ್ಲಿರುವ ಆಯ್ಕೆ

ಟೆಂಪ್ಲೇಟ್ ಅಲ್ಲದ ಕಡತಗಳು, ಅಂದರೆ ಚಿತ್ರ, ಸ್ಕ್ರಿಪ್ಟ್, ಒಳಗಿನ ಪಿಎಚ್‌ಪಿ ತುಣುಕು ಇವುಗಳನ್ನು ಚೈಲ್ಡ್ ಥೀಮ್ ಬದಲಿಸಬಹುದೇ ಎಂಬುದು ಪೇರೆಂಟ್ ಬರೆದವರು ಯಾವ ಫಂಕ್ಷನ್ ಬಳಸಿದ್ದಾರೆ ಎಂಬುದರ ಮೇಲೆ ನಿಂತಿದೆ. ಗೆಟ್_ಟೆಂಪ್ಲೇಟ್_ಡೈರೆಕ್ಟರಿ ಯಾವಾಗಲೂ ಪೇರೆಂಟ್‌ನ ದಾರಿ ಕೊಡುತ್ತದೆ, ಗೆಟ್_ಸ್ಟೈಲ್‌ಶೀಟ್_ಡೈರೆಕ್ಟರಿ ಯಾವಾಗಲೂ ಸಕ್ರಿಯ ಥೀಮಿನ ದಾರಿಯನ್ನು. ಎರಡರಲ್ಲೂ ಹುಡುಕಾಟವಿಲ್ಲ. ಪೇರೆಂಟ್ ಥೀಮಿನಲ್ಲಿ ಎರಡನೆಯದನ್ನು ಬಳಸಿದರೆ, ಚೈಲ್ಡ್ ಥೀಮ್ ಹಾಕಿದೊಡನೆ ಅಲ್ಲಿಲ್ಲದ ಕಡತವನ್ನು ಕರೆದು ತಾಣ ಕೆಡುತ್ತದೆ. ಡಿಸೆಂಬರ್ 2016ರ 4.7ನೇ ಆವೃತ್ತಿ ಈ ಕೊರತೆಯನ್ನು ತುಂಬಿತು. ಗೆಟ್_ಥೀಮ್_ಫೈಲ್_ಪಾತ್ ಮತ್ತು ಗೆಟ್_ಥೀಮ್_ಫೈಲ್_ಯುಆರ್‌ಐ ಎಂಬ ಜೋಡಿ, ಕೇಳಿದ ಕಡತ ಚೈಲ್ಡ್‌ನಲ್ಲಿದ್ದರೆ ಅದರದ್ದನ್ನು, ಇಲ್ಲದಿದ್ದರೆ ಪೇರೆಂಟ್‌ನದ್ದನ್ನು ಕೊಡುತ್ತದೆ. ಮೊದಲನೆಯದು ಸರ್ವರಿನೊಳಗಿನ ದಾರಿ, ಎರಡನೆಯದು ಬ್ರೌಸರಿಗೆ ಬೇಕಾದ ವಿಳಾಸ. ಪೇರೆಂಟ್‌ನದೇ ಬೇಕು ಎನ್ನುವವರಿಗೆ ಗೆಟ್_ಪೇರೆಂಟ್_ಥೀಮ್_ಫೈಲ್_ಪಾತ್ ಮತ್ತು ಅದರ ಯುಆರ್‌ಐ ಜೊತೆಗಾರ ಬಂದವು.

ಅದೇ ಆವೃತ್ತಿಯೊಂದಿಗೆ ಬಂದ ಟ್ವೆಂಟಿ ಸೆವೆಂಟೀನ್ ಥೀಮನ್ನು ತೆರೆದು ನೋಡುವುದು ಒಳ್ಳೆಯ ಪಾಠ. ಸ್ಕ್ರಿಪ್ಟ್ ಕಡತಗಳನ್ನು ಅದು ಹುಡುಕುವ ಫಂಕ್ಷನ್ ಮೂಲಕ ಕರೆಯುತ್ತದೆ, ಹಾಗಾಗಿ ಚೈಲ್ಡ್ ಥೀಮ್ ಅದೇ ಹೆಸರಿನ, ಅದೇ ಉಪಫೋಲ್ಡರಿನ ಕಡತವಿಟ್ಟರೆ ಸಾಕು. ಆದರೆ ಇಂಕ್ ಫೋಲ್ಡರಿನ ಪಿಎಚ್‌ಪಿ ಕಡತಗಳನ್ನು ಪೇರೆಂಟ್‌ನಿಂದಲೇ ತರುತ್ತದೆ. ಆ ಪಿಎಚ್‌ಪಿ ಕಡತಗಳಲ್ಲಿ ಥೀಮಿನ ಬೇರೆ ಭಾಗಗಳು ನಂಬಿರುವ ಫಂಕ್ಷನ್‌ಗಳಿವೆ; ಚೈಲ್ಡ್ ಥೀಮಿನ ಅರ್ಧಂಬರ್ಧ ಕಡತವೊಂದು ಅವುಗಳ ಜಾಗದಲ್ಲಿ ಬಂದು ಕೂತರೆ ಇಲ್ಲದ ಫಂಕ್ಷನ್ ಕರೆದು ತಾಣ ಬೀಳುತ್ತದೆ. ಚಿತ್ರ ಬದಲಾದರೆ ನೋಟ ಮಾತ್ರ ಬದಲಾಗುತ್ತದೆ. ಎಲ್ಲವನ್ನೂ ಬದಲಿಸಬಹುದು ಎಂದು ತೆರೆದಿಡುವುದು ಔದಾರ್ಯವಾಗಿ ಕಂಡರೂ, ಯಾವುದು ಬದಲಾಗಬಹುದು ಯಾವುದು ಬೇಡ ಎಂದು ಗೆರೆ ಎಳೆದಿರುವ ಥೀಮೇ ಹೆಚ್ಚು ನಂಬಿಕೆಗೆ ಅರ್ಹ.

ನಕಲಾದ ಕಡತದ ಮುಂದಿನ ಬದುಕು

ಬದಲಾವಣೆಯ ಅಳತೆಗೋಲು ಇಲ್ಲಿ ಸಾಲಲ್ಲ, ಕಡತ. ಇನ್ನೂರು ಸಾಲಿನ ಟೆಂಪ್ಲೇಟಿನಲ್ಲಿ ಒಂದು ಸಾಲು ಬದಲಾಗಬೇಕಿದ್ದರೂ ಇಡೀ ಕಡತವನ್ನು ಚೈಲ್ಡ್‌ಗೆ ನಕಲು ಮಾಡಬೇಕು. ಆ ಗಳಿಗೆಯಿಂದ ಆ ಕಡತಕ್ಕೂ ಪೇರೆಂಟ್‌ನ ಪರಿಷ್ಕರಣೆಗೂ ಸಂಬಂಧ ಕಡಿಯುತ್ತದೆ. ಪೇರೆಂಟ್‌ನಲ್ಲಿ ದೋಷವೊಂದನ್ನು ಸರಿಪಡಿಸಿದರೂ ನಕಲಿನಲ್ಲಿ ದೋಷ ಹಾಗೆಯೇ ಇರುತ್ತದೆ, ಮತ್ತು ವರ್ಡ್‌ಪ್ರೆಸ್ ಅದರ ಬಗ್ಗೆ ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ.

ನಕಲಾಗಿ ಹರಡಿದ ಕಡತ ಎಷ್ಟು ಕೇಡು ಮಾಡಬಲ್ಲದು ಎಂಬುದಕ್ಕೆ 2011ರ ಟಿಮ್‌ಥಂಬ್ ಪ್ರಕರಣ ಸಾಕ್ಷಿ. ಚಿತ್ರಗಳನ್ನು ಚಿಕ್ಕದು ಮಾಡುವ ಈ ಸಣ್ಣ ಕಡತವನ್ನು ಅಸಂಖ್ಯ ಥೀಮುಗಳು ತಮ್ಮೊಳಗೆ ಸೇರಿಸಿಕೊಂಡಿದ್ದವು. ಆ ವರ್ಷ ಆಗಸ್ಟಿನಲ್ಲಿ ಮಾರ್ಕ್ ಮೌಂಡರ್ ಅದರ ಭದ್ರತಾ ದೋಷವನ್ನು ಬಯಲಿಗೆ ತಂದರು. ತಿದ್ದಿದ ಆವೃತ್ತಿ ಬೇಗನೆ ಬಂದರೂ ಥೀಮು ಥೀಮುಗಳ ಒಳಗೆ ಹುದುಗಿದ್ದ ಹಳೆಯ ಪ್ರತಿಗಳಿಗೆ ಅದು ತಾನಾಗಿ ತಲುಪಲಿಲ್ಲ. ಅದು ಚೈಲ್ಡ್ ಥೀಮಿಗಷ್ಟೇ ಸೇರಿದ ಘಟನೆಯಲ್ಲ, ಆದರೆ ಚೈಲ್ಡ್ ಥೀಮಿನಲ್ಲಿ ನಕಲಾದ ಪ್ರತಿ ಕಡತದ ಸ್ಥಿತಿಯೂ ಅದೇ.

ಅಂಗಡಿ ನಡೆಸಲು ಬಳಸುವ ವೂಕಾಮರ್ಸ್ ಪ್ಲಗಿನ್ ಈ ತೊಂದರೆಗೆ ತಕ್ಕಮಟ್ಟಿನ ಉತ್ತರ ಕಂಡುಕೊಂಡಿದೆ. ಅದರ ಟೆಂಪ್ಲೇಟುಗಳನ್ನು ಥೀಮಿನಲ್ಲಿ ವೂಕಾಮರ್ಸ್ ಎಂಬ ಉಪಫೋಲ್ಡರ್ ಮಾಡಿ ಬದಲಿಸಬಹುದು. ಹುಡುಕಾಟ ಚೈಲ್ಡ್, ಪೇರೆಂಟ್, ಕೊನೆಗೆ ಪ್ಲಗಿನ್ ಎಂದು ಮೂರು ಮೆಟ್ಟಿಲು ಇಳಿಯುತ್ತದೆ. ಪ್ರತಿ ಟೆಂಪ್ಲೇಟಿನ ತಲೆಯಲ್ಲಿ ಆವೃತ್ತಿ ಸಂಖ್ಯೆ ಇರುವುದರಿಂದ, ಥೀಮಿನಲ್ಲಿರುವ ನಕಲು ಹಳೆಯದಾದರೆ ವ್ಯವಸ್ಥೆಯ ಸ್ಥಿತಿ ವರದಿಯಲ್ಲಿ ಅದರ ಹೆಸರು ಕಾಣಿಸುತ್ತದೆ. ವರ್ಡ್‌ಪ್ರೆಸ್ಸಿನ ಥೀಮುಗಳಿಗೂ ಇಂಥದ್ದೊಂದು ಪರೀಕ್ಷೆ ಬೇಕು. ಅದು ಬರುವವರೆಗೆ ಹುಕ್‌ನಿಂದ ಆಗುವ ಕೆಲಸಕ್ಕೆ ಕಡತ ನಕಲು ಮಾಡದಿರುವುದು, ಸಿಎಸ್‌ಎಸ್‌ನಿಂದ ಆಗುವ ಕೆಲಸಕ್ಕೆ ಹುಕ್ ಹಿಡಿಯದಿರುವುದು ಜಾಣತನ. ಥೀಮ್ ಬರೆಯುವವರೂ ಪುಟವನ್ನು ಸಣ್ಣ ಸಣ್ಣ ತುಣುಕುಗಳಾಗಿ ಒಡೆದಿಟ್ಟರೆ ನಕಲಾಗುವ ಸಾಲುಗಳು ಕಡಿಮೆಯಾಗುತ್ತವೆ.

ಇನ್ನೊಂದು ಮಾತು. ಬಣ್ಣ, ಮೆನುವಿನ ಜಾಗ, ಲಾಂಛನ ಮುಂತಾದ ಆಯ್ಕೆಗಳು ದತ್ತಸಂಚಯದಲ್ಲಿ ಸಕ್ರಿಯ ಥೀಮಿನ ಹೆಸರಿನಲ್ಲಿ ಉಳಿಯುತ್ತವೆ, ಅವಕ್ಕೆ ಫಾಲ್‌ಬ್ಯಾಕ್ ಇಲ್ಲ. ಪೇರೆಂಟ್ ಥೀಮಿನಲ್ಲಿ ವರ್ಷಗಟ್ಟಲೆ ಹೊಂದಿಸಿಕೊಂಡ ತಾಣಕ್ಕೆ ಚೈಲ್ಡ್ ಥೀಮ್ ಹಾಕಿದರೆ ಅವುಗಳಲ್ಲಿ ಹಲವು ಕಾಣೆಯಾದಂತೆ ತೋರುತ್ತದೆ. ಹಾಗಾಗಿ ಚೈಲ್ಡ್ ಥೀಮನ್ನು ತಾಣ ಕಟ್ಟುವ ಮೊದಲ ದಿನವೇ ಮಾಡಿಕೊಳ್ಳುವುದು ಮೇಲು.

ಕನ್ನಡ ತಾಣಗಳಲ್ಲಿ

ಕನ್ನಡದಲ್ಲಿ ತಾಣ ನಡೆಸುವವರಿಗೆ ಚೈಲ್ಡ್ ಥೀಮ್ ಅನಿವಾರ್ಯ ಎನ್ನುವಷ್ಟು ಉಪಯುಕ್ತ. ರೋಮನ್ ಅಕ್ಷರಕ್ಕೆಂದು ನಿಗದಿಪಡಿಸಿದ ಸಾಲಿನ ಎತ್ತರ ಒತ್ತಕ್ಷರಗಳಿಗೆ ಸಾಲದೆ, ಶೀರ್ಷಿಕೆಗಳಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತದೆ. ಥೀಮ್ ಜೊತೆಗೆ ಬರುವ ಫಾಂಟಿನಲ್ಲಿ ಕನ್ನಡ ಅಕ್ಷರಗಳೇ ಇಲ್ಲದಿದ್ದರೆ ಒಬ್ಬೊಬ್ಬ ಓದುಗರ ಸಾಧನದಲ್ಲಿ ಒಂದೊಂದು ಬಗೆಯ ಅಕ್ಷರ ಕಾಣುತ್ತದೆ. ಚೈಲ್ಡ್ ಥೀಮಿನ ಕೆಲವೇ ಸಾಲುಗಳಲ್ಲಿ ಸಾಲಿನ ಎತ್ತರ ಹೆಚ್ಚಿಸಿ ನೋಟೊ ಸಾನ್ಸ್ ಕನ್ನಡದಂಥ ಫಾಂಟನ್ನು ಸೇರಿಸಿದರೆ ಸಾಕು, ಟೆಂಪ್ಲೇಟ್ ಮುಟ್ಟಬೇಕಾಗಿಲ್ಲ.

ಅನುವಾದದ ಕಡತಗಳು ಮಾತ್ರ ಬೇರೆ ದಾರಿ ಹಿಡಿಯುತ್ತವೆ. ಪೇರೆಂಟ್‌ಗೂ ಚೈಲ್ಡ್‌ಗೂ ಪ್ರತ್ಯೇಕ ಪಠ್ಯಕ್ಷೇತ್ರದ (ಟೆಕ್ಸ್ಟ್ ಡೊಮೈನ್) ಹೆಸರುಗಳಿರುತ್ತವೆ, ಚೈಲ್ಡ್‌ನದನ್ನು ತರಲು 2.9ನೇ ಆವೃತ್ತಿಯಿಂದ ಬೇರೆಯದೇ ಫಂಕ್ಷನ್ ಇದೆ. ಪೇರೆಂಟ್‌ನಿಂದ ನಕಲು ಮಾಡಿದ ಟೆಂಪ್ಲೇಟಿನಲ್ಲಿ ಆ ಹೆಸರನ್ನು ಬದಲಿಸಿಬಿಟ್ಟರೆ ಪೇರೆಂಟ್‌ಗೆ ಇದ್ದ ಕನ್ನಡ ಅನುವಾದ ತಪ್ಪಿ ಇಂಗ್ಲಿಷ್ ಸಾಲುಗಳು ತಲೆಹಾಕುತ್ತವೆ. ಹೊಸದಾಗಿ ಬರೆದ ಸಾಲುಗಳಿಗೆ ಮಾತ್ರ ಚೈಲ್ಡ್‌ನ ಹೆಸರು ಕೊಡಬೇಕು.

ಕನ್ನಡದ ಹೆಸರಿನ ಪುಟಗಳಿಗೂ 4.7ನೇ ಆವೃತ್ತಿ ಒಂದು ಉಪಕಾರ ಮಾಡಿದೆ. ಪುಟದ ವಿಳಾಸವನ್ನು ವರ್ಡ್‌ಪ್ರೆಸ್ ಶೇಕಡಾ ಚಿಹ್ನೆಗಳ ಸಂಕೇತವಾಗಿ ಉಳಿಸುತ್ತದೆ. ಒಂದೊಂದು ಕನ್ನಡ ಸಂಕೇತಕ್ಕೂ 9 ಚಿಹ್ನೆ ಬೇಕು. ‘ಸಂಪರ್ಕ’ ಎಂಬ ಪದವೇ 54 ಚಿಹ್ನೆಯಾಗುತ್ತದೆ. ಮೊದಲು ಆ ಪುಟಕ್ಕೆ ಮೀಸಲಾದ ಟೆಂಪ್ಲೇಟಿಗೂ ಅದೇ ಉದ್ದನೆಯ ಹೆಸರಿಡಬೇಕಿತ್ತು. 4.7ರಿಂದ ಪಟ್ಟಿಯಲ್ಲಿ ಬಿಡಿಸಿದ ರೂಪವೂ ಸೇರಿದ್ದರಿಂದ ಪೇಜ್-ಸಂಪರ್ಕ.ಪಿಎಚ್‌ಪಿ ಎಂಬ ಕಡತದ ನಡುವಿನ ಪದವನ್ನು ಕನ್ನಡದಲ್ಲೇ ಬರೆದಿಟ್ಟರೂ ವರ್ಡ್‌ಪ್ರೆಸ್ ಅದನ್ನು ಗುರುತಿಸುತ್ತದೆ.

ಹುಡುಕಾಟದ ಖರ್ಚು

ಪ್ರತಿ ಹುಡುಕಾಟವೂ ಕಡತ ಇದೆಯೇ ಎಂದು ಡಿಸ್ಕನ್ನು ಕೇಳುವುದೇ. ಇರುವ ಕಡತದ ಮಾಹಿತಿಯನ್ನು ಪಿಎಚ್‌ಪಿ ನೆನಪಿಟ್ಟುಕೊಳ್ಳುತ್ತದೆ, ಇಲ್ಲದ ಕಡತದ್ದನ್ನು ನೆನಪಿಡುವುದಿಲ್ಲ; ಚೈಲ್ಡ್ ಥೀಮಿನಲ್ಲಿ ಹೆಚ್ಚಿನ ಕಡತಗಳು ಇಲ್ಲದಿರುವುದೇ ಸಹಜ. ಸಾಮಾನ್ಯ ಸರ್ವರಿನಲ್ಲಿ ಈ ಖರ್ಚು ಗಮನಕ್ಕೆ ಬಾರದಷ್ಟು ಚಿಕ್ಕದು. ಕಡತಗಳು ಜಾಲದಾಚೆಯ ಡಿಸ್ಕಿನಲ್ಲಿರುವ ದೊಡ್ಡ ತಾಣಗಳಲ್ಲಿ ಮಾತ್ರ ಲೆಕ್ಕಕ್ಕೆ ಬರುತ್ತದೆ.

ಬ್ಲಾಕ್ ಥೀಮುಗಳು

ಜನವರಿ 2022ರ 5.9ನೇ ಆವೃತ್ತಿಯಿಂದ ಬಂದ ಬ್ಲಾಕ್ ಥೀಮುಗಳು ಏಣಿಗೆ ಮೇಲೊಂದು ಮೆಟ್ಟಿಲು ಸೇರಿಸಿದವು. ಇವುಗಳ ಟೆಂಪ್ಲೇಟ್ ಎಚ್‌ಟಿಎಂಎಲ್ ಕಡತ. ತಾಣದ ಒಡೆಯರು ಅದನ್ನು ಸೈಟ್ ಎಡಿಟರಿನಲ್ಲಿ ತಿದ್ದಿದರೆ ತಿದ್ದಿದ ಪ್ರತಿ ದತ್ತಸಂಚಯದಲ್ಲಿ ಕೂರುತ್ತದೆ. ಹಾಗಾಗಿ ಮೊದಲು ದತ್ತಸಂಚಯ, ಆಮೇಲೆ ಚೈಲ್ಡ್, ಕೊನೆಗೆ ಪೇರೆಂಟ್. ಚೈಲ್ಡ್ ಥೀಮಿನ ಕಡತ ಬದಲಿಸಿದರೂ ಪುಟ ಹಾಗೆಯೇ ಇದ್ದರೆ, ಯಾರೋ ಹಿಂದೆ ಎಡಿಟರಿನಲ್ಲಿ ಉಳಿಸಿದ ಪ್ರತಿ ಅಡ್ಡ ಬಂದಿರಬಹುದು.

5.8ನೇ ಆವೃತ್ತಿಯಲ್ಲೇ ಬಂದಿದ್ದ ಥೀಮ್.ಜೇಸನ್ ಬೆರೆಯುವ ಗುಂಪಿನ ಕಡತ. ಚೈಲ್ಡ್‌ನಲ್ಲಿ ಬರೆದಷ್ಟೇ ಮೌಲ್ಯಗಳು ಪೇರೆಂಟ್‌ನ ಮೇಲೆ ಕೂರುತ್ತವೆ, ಮಿಕ್ಕವು ಪೇರೆಂಟ್‌ನವೇ. ಆದರೆ ಬಣ್ಣಗಳ ಪಟ್ಟಿಯಂಥವು ಬೆರೆಯದೆ ಇಡಿಯಾಗಿ ಬದಲಾಗುತ್ತವೆ. ಒಂದು ಬಣ್ಣ ಸೇರಿಸಲು ಹಳೆಯ ಬಣ್ಣಗಳನ್ನೆಲ್ಲ ಮತ್ತೆ ಬರೆಯಬೇಕು. ಹಾಗಿದ್ದರೂ ಕಡತವಿಡೀ ನಕಲು ಮಾಡುವುದಕ್ಕಿಂತ ಮೌಲ್ಯದ ಮಟ್ಟದಲ್ಲಿ ಬೆರೆಸುವ ಈ ಕ್ರಮ ಹೆಚ್ಚು ಆರೋಗ್ಯಕರ.

ಬೇರೆ ವ್ಯವಸ್ಥೆಗಳು

ದ್ರುಪಲ್‌ನಲ್ಲಿ ಇವುಗಳ ಹೆಸರು ಬೇಸ್ ಥೀಮ್ ಮತ್ತು ಸಬ್ ಥೀಮ್, ತಲೆಮಾರುಗಳಿಗೆ ಮಿತಿಯಿಲ್ಲ. ಯಾವ ಟೆಂಪ್ಲೇಟ್ ಎಲ್ಲಿದೆ ಎಂಬುದನ್ನು ಅದು ಮೊದಲೇ ದಾಖಲೆ ಮಾಡಿಟ್ಟುಕೊಳ್ಳುವುದರಿಂದ, ಹೊಸ ಕಡತ ಸೇರಿಸಿದ ಮೇಲೆ ಆ ಸಂಗ್ರಹವನ್ನು ಖಾಲಿ ಮಾಡದಿದ್ದರೆ ಅದು ಕಾಣುವುದಿಲ್ಲ. ಟೆಂಪ್ಲೇಟಿಗೆ ಮುನ್ನ ನಡೆಯುವ ಸಿದ್ಧತೆಯ ಫಂಕ್ಷನ್‌ಗಳು ಬೇಸ್‌ನಿಂದ ಸಬ್‌ನತ್ತ ಓಡುತ್ತವೆ, ವರ್ಡ್‌ಪ್ರೆಸ್ಸಿನ ಫಂಕ್ಷನ್ಸ್.ಪಿಎಚ್‌ಪಿಗೆ ತದ್ವಿರುದ್ಧವಾಗಿ. ಮಜೆಂಟೊ 2ರಲ್ಲೂ ಸರಪಳಿ ಉದ್ದವಾಗಬಹುದು: ಲ್ಯೂಮಾ ಥೀಮ್ ಬ್ಲ್ಯಾಂಕ್ ಥೀಮನ್ನು ಆಧರಿಸಿದೆ, ಅಂಗಡಿಯ ಥೀಮ್ ಲ್ಯೂಮಾವನ್ನು ಆಧರಿಸಬಹುದು, ಅಲ್ಲೆಲ್ಲೂ ಸಿಗದ ಟೆಂಪ್ಲೇಟ್ ಮಾಡ್ಯೂಲಿನಿಂದ ಬರುತ್ತದೆ. ಜೂಮ್ಲಾ ಚೈಲ್ಡ್ ಟೆಂಪ್ಲೇಟುಗಳನ್ನು ತಂದದ್ದು 2022ರ 4.1ನೇ ಆವೃತ್ತಿಯಲ್ಲಿ. ಜೆಕಿಲ್ 2016ರ 3.2ನೇ ಆವೃತ್ತಿಯಿಂದ ಥೀಮನ್ನು ಜೆಮ್ ಪ್ಯಾಕೇಜಾಗಿ ಹಂಚಲು ಬಿಟ್ಟಿತು. ಅಲ್ಲಿ ಬರಹಗಾರರ ತಾಣದ ಫೋಲ್ಡರೇ ಚೈಲ್ಡ್‌ನ ಸ್ಥಾನದಲ್ಲಿದೆ, ಹ್ಯೂಗೋದಲ್ಲೂ ಹಾಗೆಯೇ.

ಹತ್ತನೇ ದ್ರುಪಲ್ ಇನ್ನೊಂದು ದಿಕ್ಕಿಗೆ ಹೊರಳಿತು. ಹಲವು ತಾಣಗಳು ಆಧಾರವಾಗಿಟ್ಟುಕೊಂಡಿದ್ದ ಕ್ಲಾಸಿ ಥೀಮನ್ನು 2022ರಲ್ಲಿ ಮುಖ್ಯ ತಂತ್ರಾಂಶದಿಂದ ಹೊರಗಿಟ್ಟು, ಅದರ ಬದಲು ಸ್ಟಾರ್ಟರ್‌ಕಿಟ್ ಎಂಬ ಸಾಧನವನ್ನು ಕೊಟ್ಟಿತು. ಅದು ಎಲ್ಲ ಕಡತಗಳನ್ನೂ ಒಮ್ಮೆಲೇ ನಕಲು ಮಾಡಿ ಸ್ವತಂತ್ರ ಥೀಮೊಂದನ್ನು ಹುಟ್ಟಿಸುತ್ತದೆ. ಸಾವಿರಾರು ತಾಣಗಳು ನೆಚ್ಚಿಕೊಂಡ ಬೇಸ್ ಥೀಮಿನಲ್ಲಿ ಒಂದು ಗೆರೆ ಬದಲಿಸಿದರೂ ಎಲ್ಲೋ ಒಂದು ತಾಣ ಕೆಡುತ್ತದೆ ಎಂಬ ಕಾರಣಕ್ಕೆ ಅಂಥ ಥೀಮ್ ಬೆಳೆಯಲಾರದೆ ನಿಂತಿರುತ್ತದೆ. ನಕಲಿನ ದಾರಿಯಲ್ಲಿ ಅದು ಮುಂದುವರಿಯಬಹುದು, ಆದರೆ ಮುಂದಿನ ತಿದ್ದುಪಡಿಗಳನ್ನು ತಾಣದವರೇ ತಮ್ಮ ಕೈಯಾರೆ ಸೇರಿಸಿಕೊಳ್ಳಬೇಕು.